ಬೆನ್ನಿಗೆ ಬ್ಯಾಗ್ ಹೊತ್ತು ಸಾಕಾಯ್ತು: ಸೈಕಲ್ಲಿಗೆ ಯಾವ ಕ್ಯಾರಿಯರ್, ಯಾವ ಸೈಡ್ ಬ್ಯಾಗ್?

ಸಂಜೆಸವಾರ
ಎಲ್ಲರಿಗೂ ನಮಸ್ಕಾರ. ಒಂದೂವರೆ ವರ್ಷದಿಂದ ಆಫೀಸಿಗೆ ಸೈಕಲ್ಲಲ್ಲೇ ಹೋಗಿ ಬರ್ತಿದ್ದೀನಿ. ಹೋಗೋಕೆ 11 ಕಿ.ಮೀ., ಬರೋಕೆ 11. ಇಷ್ಟು ದಿನ ಎಲ್ಲಾ ಬೆನ್ನ ಮೇಲೇ: ಲ್ಯಾಪ್‌ಟಾಪ್, ಚಾರ್ಜರ್, ಬದಲಿ ಬಟ್ಟೆ, ಊಟದ ಡಬ್ಬಿ, ಬೀಗ. ಆಫೀಸಿಗೆ ಹೋಗಿ ಬ್ಯಾಗ್ ಇಳಿಸಿದ್ರೆ ಅಂಗಿ ಮೇಲೆ ಬ್ಯಾಗಿನದೇ ಆಕಾರದಲ್ಲಿ ಬೆವರಿನ ಅಚ್ಚು. ಈಗ ಭುಜ ಬೇರೆ ನೋಯೋಕೆ ಶುರುವಾಗಿದೆ. ಹಾಗಾಗಿ ಹಿಂದೆ ಕ್ಯಾರಿಯರ್ ಹಾಕಿಸಿ, ಪಕ್ಕಕ್ಕೆ ನೇತು ಹಾಕೋ ಬ್ಯಾಗ್ ತಗೊಳ್ಳೋಣ ಅಂತ.

ಸೈಕಲ್ ಅಲ್ಯೂಮಿನಿಯಂ ಹೈಬ್ರಿಡ್, 700ಸಿ ಚಕ್ರ, ಡಿಸ್ಕ್ ಬ್ರೇಕ್. ಹಿಂದಿನ ಆಕ್ಸಲ್ ಹತ್ತಿರ ಎರಡೂ ಕಡೆ ಬೋಲ್ಟ್ ಹಾಕೋ ತೂತು ಇದೆ. ಮೇಲೆ ಸೀಟಿನ ಹತ್ತಿರ ಮಾತ್ರ ಏನೂ ಇಲ್ಲ. ನನ್ನ ಶೂ ಸೈಜ್ 10. ಮಳೆಯಲ್ಲೂ ಓಡಿಸ್ತೀನಿ.

ನೋಡಿದಷ್ಟೂ ತಲೆ ಕೆಡ್ತಿದೆ. ಮೊದಲು ಬ್ಯಾಗ್ ಆರಿಸಬೇಕೋ ಕ್ಯಾರಿಯರ್ರೋ? ಒಂದು ಬ್ಯಾಗ್ ಸಾಕೋ ಜೋಡಿ ಬೇಕೋ?

ಮೂರನೇಗೇರ್
ಬ್ಯಾಕ್‌ಪ್ಯಾಕಿಗೆ ಏನಾಗಿದೆ? 9 ವರ್ಷದಿಂದ ಹೊರ್ತಿದ್ದೀನಿ. ಒಂದು ಬನಿಯನ್ ಜಾಸ್ತಿ ಇಟ್ಕೊಂಡ್ರೆ ಮುಗೀತು.

ನಟ್ಟುಬೋಲ್ಟು
ಮೊದಲು ಕ್ಯಾರಿಯರ್, ಆಮೇಲೆ ಬ್ಯಾಗ್. ಅದಕ್ಕೂ ಮೊದಲು ಫ್ರೇಮ್ ನೋಡಿ. ಎಲ್ಲರೂ ಉಲ್ಟಾ ಮಾಡ್ತಾರೆ, ಚೆಂದದ ಬ್ಯಾಗ್ ತಗೊಂಡು ಬಂದು ಅದನ್ನ ಎಲ್ಲಿಗೆ ನೇತು ಹಾಕೋದು ಅಂತ ಕೇಳ್ತಾರೆ.

ಆಕ್ಸಲ್ ಹತ್ತಿರ ತೂತು ಇದೆ ಅಂದ್ರಲ್ಲ, ಅರ್ಧ ಕೆಲಸ ಆದ ಹಾಗೆ. ಸಾಮಾನ್ಯವಾಗಿ ಅದು ಎಂ5, ಅಂದ್ರೆ 5 ಮಿ.ಮೀ. ದಪ್ಪದ ಬೋಲ್ಟಿನ ತೂತು. ಭಾರವೆಲ್ಲ ಇಳಿಯೋದು ಕೆಳಗಿನ ಆ ಎರಡು ಬೋಲ್ಟುಗಳ ಮೇಲೇ. ಮೇಲಿನ ಕಡ್ಡಿಗಳು ಕ್ಯಾರಿಯರ್ ಹಿಂದಕ್ಕೆ ಮುಂದಕ್ಕೆ ವಾಲದ ಹಾಗೆ ಹಿಡಿದಿಟ್ಟರೆ ಸಾಕು. ಹಾಗಾಗಿ ಮೇಲೆ ತೂತು ಇಲ್ಲ ಅಂತ ಬೇಜಾರು ಬೇಡ. ಸೀಟ್ ಪೋಸ್ಟ್ (ಸೀಟು ಹೊರೋ ಕಂಬ) ಬಿಗಿ ಮಾಡೋ ಪಟ್ಟಿ ಇದೆಯಲ್ಲ, ಅದನ್ನ ತೆಗೆದು, ಎರಡು ಕಡೆ ತೂತಿರೋ ಪಟ್ಟಿ ಹಾಕ್ಕೊಳ್ಳಿ. ಅದಕ್ಕೇ ಕಡ್ಡಿ ಕೂರಿಸಬಹುದು.

ನಿಮ್ಮ ತಲೆನೋವು ಇರೋದು ಡಿಸ್ಕ್ ಬ್ರೇಕಲ್ಲಿ. ಕ್ಯಾಲಿಪರ್, ಅಂದ್ರೆ ಡಿಸ್ಕನ್ನ ಒತ್ತಿ ಹಿಡಿಯೋ ಭಾಗ, ಎಲ್ಲಿ ಕೂತಿದೆ? ಸೀಟಿನಿಂದ ಇಳಿಜಾರಾಗಿ ಬರೋ ಪೈಪಿನ ಮೇಲೋ, ಅಥವಾ ಕೆಳಗಿನ ಪೈಪಿಗೂ ಅದಕ್ಕೂ ನಡುವಿನ ಸಂದಿಯಲ್ಲೋ?

ಸಂಜೆಸವಾರ
@ನಟ್ಟುಬೋಲ್ಟು ಸರ್, ಈಗ ಹೋಗಿ ನೋಡ್ಕೊಂಡು ಬಂದೆ. ಇಳಿಜಾರು ಪೈಪಿನ ಮೇಲೆ, ಹಿಂದಕ್ಕೆ ಚಾಚಿಕೊಂಡಿದೆ.

ನಟ್ಟುಬೋಲ್ಟು
ಹಾಗಾದ್ರೆ ಮಾಮೂಲಿ ಕ್ಯಾರಿಯರಿನ ಎಡಗಾಲು ನೇರ ಕ್ಯಾಲಿಪರಿಗೇ ಬಡಿಯುತ್ತೆ. ಡಿಸ್ಕ್ ಬ್ರೇಕಿಗೆ ಅಂತಲೇ ಕಾಲು ಅಗಲಿಸಿ ಮಾಡಿದ್ದು ಸಿಗುತ್ತೆ, ಅದನ್ನೇ ತಗೊಳ್ಳಿ. ಕೆಲವರು ಮಾಮೂಲಿಯನ್ನೇ ತಗೊಂಡು, ಉದ್ದ ಬೋಲ್ಟಿಗೆ ನಾಲ್ಕೈದು ವಾಷರ್ ಪೋಣಿಸಿ ಕಾಲನ್ನ ಹೊರಕ್ಕೆ ತಳ್ತಾರೆ. ಅದು ಬೇಡ. ಕಾಲು ಫ್ರೇಮಿಗೆ ಅಂಟಿಕೊಂಡಿದ್ದಾಗ ಬೋಲ್ಟಿನ ಕೆಲಸ ಬಿಗಿಯಾಗಿ ಹಿಡಿಯೋದಷ್ಟೇ. ನಡುವೆ ಒಂದೂವರೆ ಸೆಂ.ಮೀ. ಅಂತರ ಬಂತು ಅಂದ್ರೆ ಅದೇ ಬೋಲ್ಟು ಪ್ರತಿ ಗುಂಡಿಗೂ ಒಂಚೂರು ಬಾಗಿ ನೆಟ್ಟಗಾಗ್ತಾ ಇರುತ್ತೆ. ತಂತಿಯನ್ನ ಆ ಕಡೆ ಈ ಕಡೆ ಬಗ್ಗಿಸಿ ಮುರಿಯಲ್ವಾ, ಥೇಟ್ ಹಾಗೇ.

ಎರಡುಚಕ್ರದವಳು
ಅದು ನನಗೇ ಆಗಿದೆ ಮಾರಾಯ್ರೆ! ಸಂಜೆ ಮನೆಗೆ ಬರ್ತಾ ಇದ್ದೆ, ಹಿಂದೆ "ಟಣ್" ಅಂತ ಒಂದು ಸಣ್ಣ ಶಬ್ದ. ಕಲ್ಲು ಸಿಡಿದಿರಬೇಕು ಅಂದ್ಕೊಂಡೆ. ಇನ್ನೂರು ಮೀಟರ್ ಹೋಗಿರಬಹುದು, ಕ್ಯಾರಿಯರಿನ ಎಡಗಾಲು ಒಳಕ್ಕೆ ವಾಲಿ ಡಿಸ್ಕಿಗೆ ಕರಕರ ಉಜ್ಜೋಕೆ ಶುರು. ಇಳಿದು ನೋಡಿದ್ರೆ ಬೋಲ್ಟಿನ ತಲೆ ಇಲ್ಲ, ಉಳಿದ ಮೈ ತೂತಿನೊಳಗೇ ಸಿಕ್ಕಿ ಕೂತಿದೆ. ಶೂ ಲೇಸ್ ಬಿಚ್ಚಿ ಕಾಲನ್ನ ಫ್ರೇಮಿಗೆ ಕಟ್ಟಿ, ಬ್ಯಾಗ್ ಹೆಗಲಿಗೇರಿಸಿ ತಳ್ಳಿಕೊಂಡು ಬಂದೆ. ಮುರಿದ ತುಂಡು ತೆಗೆಯೋಕೆ ಮೆಕ್ಯಾನಿಕ್ ಡ್ರಿಲ್ ಹಾಕ್ಬೇಕಾಯ್ತು.

ಅವತ್ತಿಂದ ಬ್ಯಾಗಲ್ಲಿ ಎರಡು ಎಂ5 ಬೋಲ್ಟು, ನಾಲ್ಕು ಪ್ಲಾಸ್ಟಿಕ್ ಟೈ, 4 ಮಿ.ಮೀ. ಆಲನ್ ಕೀ ಖಾಯಂ.

ಮೂರನೇಗೇರ್
ನೋಡಿದ್ರಾ, ಬ್ಯಾಕ್‌ಪ್ಯಾಕಿಗೆ ಬೋಲ್ಟೇ ಇಲ್ಲ.

ಎರಡುಚಕ್ರದವಳು
@ಮೂರನೇಗೇರ್ ನಿಮ್ಮ ಬೆನ್ನಿಗೂ ಬಿಡಿಭಾಗ ಸಿಗೋದಿಲ್ಲ, ನೆನಪಿರಲಿ.

ಹಳೆಬ್ರೇಕ್
ನಾನೂ ಒಂದು ಮಾತು ಸೇರಿಸ್ತೀನಿ. ಬಲಗಡೆ ಬೋಲ್ಟಿನ ಉದ್ದ ನೋಡ್ಕೊಳ್ಳಿ. ಚೈನ್ ಇರೋ ಕಡೆ ಬೋಲ್ಟು ಒಳಕ್ಕೆ ಎರಡು ಮೂರು ಮಿ.ಮೀ. ಜಾಸ್ತಿ ಚಾಚಿದ್ರೂ ಸಾಕು, ಚೈನು ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿದಾಗ ಅದಕ್ಕೆ ತಾಗುತ್ತೆ. ಕ್ಯಾರಿಯರ್ ಹಾಕಿದ ಮೇಲೆ ಹಿಂದಿನ ಚಕ್ರ ಎತ್ತಿ, ಕೊನೇ ಗೇರಿಗೆ ಹಾಕಿ, ಪೆಡಲ್ ತಿರುಗಿಸಿ ಕಿವಿಗೊಡಿ. ಟಕಟಕ ಅಂದ್ರೆ ಬೋಲ್ಟು ಬದಲಾಯಿಸಿ ಇಲ್ಲಾ ತಲೆ ಕೆಳಗೆ ಒಂದು ವಾಷರ್ ಹಾಕಿ. ಇಲ್ಲಿ ವಾಷರ್ ಹಾಕಿದ್ರೆ ತೊಂದರೆ ಇಲ್ಲ, ಯಾಕಂದ್ರೆ ಅದು ತಲೆಗೂ ಕಾಲಿಗೂ ನಡುವೆ ಇರೋದು. ಕಾಲಿಗೂ ಫ್ರೇಮಿಗೂ ನಡುವೆ ಅಲ್ಲ.

ನಿಧಾನಗತಿ
ಅಷ್ಟೆಲ್ಲಾ ಯಾಕೆ? ಸೀಟ್ ಪೋಸ್ಟಿಗೆ ಕಚ್ಚಿಸೋ ಕ್ಯಾರಿಯರ್ ಬರುತ್ತೆ, ಎರಡು ನಿಮಿಷದ ಕೆಲಸ. ನಂದು ಅದೇ.

ನಟ್ಟುಬೋಲ್ಟು
@ನಿಧಾನಗತಿ ಅದರ ಮೇಲೆ ಏನು ಬರೆದಿದೆ ಓದಿದೀರಾ? ಅಂಥವು ಸಾಮಾನ್ಯವಾಗಿ 10 ಕೆ.ಜಿ. ಒಳಗೆ. ಆಕ್ಸಲ್ ಹತ್ತಿರ ಕಾಲೂರೋ ಕ್ಯಾರಿಯರುಗಳು ಬಹುಪಾಲು 25 ಕೆ.ಜಿ. ಹೊರ್ತವೆ. ತೂಕಕ್ಕಿಂತ ದೊಡ್ಡ ವಿಷಯ, ಸೀಟ್ ಪೋಸ್ಟಿಂದು ಪಕ್ಕಕ್ಕೆ ತಿರುಗುತ್ತೆ. ಒಂದೇ ಕಡೆ ಬ್ಯಾಗ್ ನೇತು ಹಾಕಿ, ನಾಲ್ಕು ಗುಂಡಿ ಹಾರಿಸಿದ್ರೆ ಅರ್ಧ ದಾರಿಯಲ್ಲಿ ಅದು ಓರೆಯಾಗಿ ನಿಂತಿರುತ್ತೆ. ಪಕ್ಕದಲ್ಲಿ ತಡೆಕಡ್ಡಿ ಇಲ್ಲದಿದ್ರೆ ಬ್ಯಾಗು ಚಕ್ರದ ಕಡ್ಡಿಗಳ ಕಡೆಗೂ ವಾಲುತ್ತೆ. ಮೇಲೆ ಒಂದು ಸಣ್ಣ ಪೆಟ್ಟಿಗೆ ಕಟ್ಟೋಕೆ ಚೆನ್ನಾಗಿದೆ, ಸೈಡ್ ಬ್ಯಾಗಿಗೆ ಅಲ್ಲ. ಕಾರ್ಬನ್ ಸೀಟ್ ಪೋಸ್ಟ್ ಆಗಿದ್ರಂತೂ ಮುಟ್ಟಲೇಬೇಡಿ.

ನಿಧಾನಗತಿ
ನಂದು ಓರೆ ಆಗಿರೋದು ಅದಕ್ಕಾ... ನಾನು ರಸ್ತೆನೇ ಓರೆ ಅಂದ್ಕೊಂಡಿದ್ದೆ.

ಚಕ್ರವ್ಯೂಹ_22
ಒಂದು ಸಣ್ಣ ತಕರಾರು. ಎಲ್ಲರೂ ಕ್ಯಾರಿಯರ್ ಅಂತಿದ್ದೀರಿ. ಸರಿಯಾದ ಪದ ರ್‍ಯಾಕ್. ಬ್ಯಾಗಿಗೆ ಪ್ಯಾನಿಯರ್ ಅನ್ನಬೇಕು.

ಹಳೆಬ್ರೇಕ್
ನಾವು ಹುಟ್ಟಿದಾಗಿಂದ ಅದಕ್ಕೆ ಕ್ಯಾರಿಯರ್ ಅಂತಲೇ ಅನ್ನೋದು. ನೀವು ರ್‍ಯಾಕ್ ಅಂತ ಕೇಳಿದ್ರೆ ಅಂಗಡಿಯವನು ಪುಸ್ತಕ ಜೋಡಿಸೋದನ್ನ ತೋರಿಸ್ತಾನೆ.

ಚಕ್ರವ್ಯೂಹ_22
ಸುಮ್ಮನೆ ಪದಕ್ಕೆ ಹೇಳಲಿಲ್ಲ ಸರ್. ಹಳೇ ಕಬ್ಬಿಣದ ಕ್ಯಾರಿಯರ್, ಸ್ಪ್ರಿಂಗ್ ಕ್ಲಿಪ್ ಇರೋದು, ಅದು ಚಪ್ಪಟೆ ಪಟ್ಟಿಯದ್ದು. ಈಗಿನ ಬ್ಯಾಗುಗಳ ಕೊಕ್ಕೆ ದುಂಡು ಸರಳಿಗೆ ಮಾಡಿದ್ದು. ಚಪ್ಪಟೆ ಪಟ್ಟಿ ಮೇಲೆ ಕೊಕ್ಕೆ ಸರಿಯಾಗಿ ಕೂರಲ್ಲ, ಗಡಗಡ ಅಂತಿರುತ್ತೆ, ಗುಂಡಿ ಬಂದ್ರೆ ಹಾರುತ್ತೆ. ಅದೇ ವ್ಯತ್ಯಾಸ ಹೇಳೋಕೆ ಹೊರಟೆ.

ಹಳೆಬ್ರೇಕ್
ಅದನ್ನ ಮೊದಲೇ ಹೇಳಬಾರದಿತ್ತಾ. ಹೌದು, ಅದು ನಿಜ. ಹಳೇದಕ್ಕೆ ಕ್ಯಾರಿಯರ್ ಮೇಲೆ ಹಾಸಿ ಎರಡೂ ಕಡೆ ಇಳಿಬಿಡೋ ಜೋಡಿ ಜೋಳಿಗೆನೇ ವಾಸಿ. ಆದ್ರೆ ಅದನ್ನ ದಿನಾ ಬಿಚ್ಚಿ ಒಳಗೆ ಒಯ್ಯೋದು ಅಂದ್ರೆ ಎಮ್ಮೆ ಹೊತ್ತ ಹಾಗೆ.

ಮಳೆಗಾಲದಮಗು
ಸಂಜೆಸವಾರ ಅವರೇ, ಬ್ಯಾಗಿನ ವಿಷಯ ನನಗೆ ಬಿಡಿ, ಮೂರು ಥರದ್ದೂ ಹಾಳು ಮಾಡಿ ಕಲ್ತಿದ್ದೀನಿ.

ಮೊದಲನೇದು ಜಿಪ್ ಇರೋ ಬಟ್ಟೆ ಬ್ಯಾಗ್, ಜೊತೆಗೆ ಹಳದಿ ಮಳೆಹೊದಿಕೆ. ಹೊದಿಕೆ ಹೊರಗಡೆ ಚೆನ್ನಾಗೇ ಮುಚ್ಚುತ್ತೆ. ಆದ್ರೆ ಕೊಕ್ಕೆ ಇರೋ ಒಳಮೈ ತೆರೆದೇ ಇರಬೇಕಲ್ಲ? ಚಕ್ರ ನೀರು ಎರಚೋದು ಸರಿಯಾಗಿ ಅಲ್ಲಿಗೇ. ಮೇಲಿಂದ ಬಂದ ಮಳೆ ಒಳಗೆ ಹೋಗಲಿಲ್ಲ, ಕೆಳಗಿಂದ ಬಂದ ಕೆಸರು ನೀರು ಹೋಯ್ತು. ಹೋದದ್ದು ಹೊದಿಕೆಯ ತಳದಲ್ಲೇ ನಿಂತು ಬಟ್ಟಲಾಗಿತ್ತು. ಮಡ್‌ಗಾರ್ಡ್ ಇಲ್ಲದೆ ಈ ಥರದ್ದು ತಗೊಳ್ಳಲೇಬೇಡಿ.

ಎರಡನೇದು ಬಾಯಿ ಸುತ್ತಿ ಮಡಚೋದು. ಈಗಲೂ ಅದೇ ಇದೆ. ಅಂಚುಗಳನ್ನ ಬೆಸುಗೆ ಹಾಕಿ ಕೂಡಿಸಿದ್ದು, ಹೊಲಿಗೆ ತೂತೇ ಇಲ್ಲ. ಬಾಯನ್ನ ಮೂರು ನಾಲ್ಕು ಸುತ್ತು ಸುತ್ತಬೇಕು. ತುಂಬಾ ತುರುಕಿ ಒಂದೇ ಸುತ್ತು ಸುತ್ತಿದ್ರೆ ಅದೂ ಸೋರುತ್ತೆ, ಅದು ಬ್ಯಾಗಿನ ತಪ್ಪಲ್ಲ. ಕಷ್ಟ ಏನಪ್ಪಾ ಅಂದ್ರೆ ಒಳಗೆ ಜೇಬು ಕಮ್ಮಿ. ಬಾವಿಗೆ ಕೈ ಹಾಕಿ ಕೀ ಹುಡುಕಿದ ಹಾಗೆ. ಇನ್ನೊಂದು, ನೀರು ಒಳಗೂ ಹೋಗಲ್ಲ, ಹೊರಗೂ ಬರಲ್ಲ. ಒದ್ದೆ ಟವೆಲ್ ಶುಕ್ರವಾರ ಒಳಗೆ ಬಿಟ್ಟು ಸೋಮವಾರ ಬಾಯಿ ಬಿಚ್ಚಿದೆ. ಆ ವಾಸನೆ ಹೋಗೋಕೆ ವಾರ ಬೇಕಾಯ್ತು.

ಮೂರನೇದು ಬೆನ್ನಿಗೂ ಆಗುತ್ತೆ ಕ್ಯಾರಿಯರಿಗೂ ಆಗುತ್ತೆ ಅನ್ನೋದು. ಎರಡು ದೋಣಿ ಮೇಲೆ ಕಾಲು. ಬೆನ್ನಿಗೆ ಹಾಕಿದ್ರೆ ಕೊಕ್ಕೆ ಚುಚ್ಚುತ್ತೆ, ಕ್ಯಾರಿಯರಿಗೆ ಹಾಕಿದ್ರೆ ಹೆಗಲಪಟ್ಟಿಗಳು ಚಕ್ರದ ಕಡೆ ಜೋಲ್ತವೆ.

ಸೈಡ್‌ಸ್ಟ್ಯಾಂಡ್
ಮೂರನೇದಕ್ಕೆ ನನ್ನ ವಿರೋಧ ಇದೆ. ಸೈಕಲ್ ನಿಲ್ಲಿಸಿದ ಮೇಲೂ ನನಗೆ ಇಪ್ಪತ್ತು ನಿಮಿಷ ನಡಿಗೆ ಇದೆ. ಸುತ್ತಿ ಮಡಚೋ ಬ್ಯಾಗನ್ನ ಒಂದು ಹೆಗಲಿಗೆ ಹಾಕ್ಕೊಂಡು ನಡೆದ್ರೆ ಅದರ ಕೊಕ್ಕೆ ಪ್ರತಿ ಹೆಜ್ಜೆಗೂ ಸೊಂಟಕ್ಕೆ ಗುದ್ದುತ್ತೆ. ಬೆನ್ನಿಗೂ ಆಗೋದರಲ್ಲಿ ಕೊಕ್ಕೆ ಮುಚ್ಚೋಕೆ ಫ್ಲಾಪ್ ಇರೋದು ನೋಡಿ ತಗೊಂಡ್ರೆ ಏನೂ ಚುಚ್ಚಲ್ಲ. ಸೈಕಲ್ಲಿಂದ ಇಳಿದ ಮೇಲೆ ಎಷ್ಟು ನಡೀಬೇಕು ಅನ್ನೋದನ್ನ ಯಾರೂ ಕೇಳಲೇ ಇಲ್ವಲ್ಲ ಇಲ್ಲಿ.

ಮಳೆಗಾಲದಮಗು
ಫ್ಲಾಪ್ ಇರೋದನ್ನ ನಾನು ನೋಡಿಲ್ಲ, ಒಪ್ಪಿದೆ. ನಂದು ನಿಲ್ಲಿಸಿದ ಕಡೆಯಿಂದ ಕುರ್ಚಿಗೆ ಮೂವತ್ತು ಹೆಜ್ಜೆ.

ಸಂಜೆಸವಾರ
ನಂದು ಎರಡು ಮಹಡಿ ಮೆಟ್ಟಿಲು ಅಷ್ಟೇ. ಒಂದು ಭಯ ಇದೆ: ಪೆಡಲ್ ಮಾಡುವಾಗ ಹಿಮ್ಮಡಿ ಬ್ಯಾಗಿಗೆ ಬಡಿಯುತ್ತೆ ಅಂತಾರಲ್ಲ, ಅದನ್ನ ತಗೊಳ್ಳೋ ಮೊದಲೇ ಗೊತ್ತು ಮಾಡ್ಕೊಳ್ಳೋದು ಹೇಗೆ?

ಎರಡುಚಕ್ರದವಳು
ರಟ್ಟು! ಬ್ಯಾಗಿನ ಅಳತೆ ಎಲ್ಲಾ ಕಡೆ ಬರೆದಿರ್ತಾರೆ. ಒಂದು ಬದಿಗೆ 20 ಲೀಟರಿನದ್ದು ಅಂದ್ರೆ ಎತ್ತರ ಸುಮಾರು 40 ಸೆಂ.ಮೀ., ಅಗಲ ಮೇಲೆ 30 ಚಿಲ್ಲರೆ, ಕೆಳಗೆ ಕಿರಿದು. ಅದೇ ಆಕಾರಕ್ಕೆ ರಟ್ಟು ಕತ್ತರಿಸಿ, ಕ್ಯಾರಿಯರಿಗೆ ಟೇಪ್ ಹಚ್ಚಿ, ದಿನಾ ಹಾಕೋ ಶೂ ಹಾಕ್ಕೊಂಡು ಗೋಡೆ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸಿ. ಹಿಮ್ಮಡಿ ತಾಗಿದ ಕಡೆ ಪೆನ್ಸಿಲ್ ಗೀಟು ಹಾಕ್ಕೊಳ್ಳಿ.

ನಟ್ಟುಬೋಲ್ಟು
ರಟ್ಟಿನ ಉಪಾಯ ಭೇಷ್. ಇದಕ್ಕೆ ಕಾರಣ ಫ್ರೇಮಿನ ಕೆಳಗಿನ ಪೈಪು, ಅಂದ್ರೆ ಪೆಡಲಿನ ನಡುಮಧ್ಯದಿಂದ ಹಿಂದಿನ ಆಕ್ಸಲ್‌ವರೆಗಿನ ಉದ್ದ. ರೇಸ್ ಸೈಕಲ್ಲಲ್ಲಿ ಅದು 41 ಸೆಂ.ಮೀ. ಆಸುಪಾಸು, ಟೂರಿಂಗ್ ಸೈಕಲ್ಲಲ್ಲಿ 44ರಿಂದ 46. ಆ ಮೂರ್ನಾಲ್ಕು ಸೆಂ.ಮೀ.ನಲ್ಲೇ ಇರೋದು ಎಲ್ಲಾ. ಕೊಕ್ಕೆಗಳನ್ನ ಪಕ್ಕಕ್ಕೆ ಜಾರಿಸಿ ಕೂರಿಸೋ ಥರದ ಬ್ಯಾಗ್ ತಗೊಂಡ್ರೆ ಇಡೀ ಬ್ಯಾಗನ್ನ ಹಿಂದಕ್ಕೆ ಸರಿಸಬಹುದು. ಆದ್ರೆ ತೀರಾ ಹಿಂದಕ್ಕೂ ಬೇಡ. ಭಾರ ಆಕ್ಸಲ್ ದಾಟಿ ಹಿಂದೆ ಹೋದಷ್ಟೂ ಸೈಕಲ್ ಬಾಲ ಆಡಿಸುತ್ತೆ.

ಕೊಕ್ಕೆ ಅಂದಾಗ ಇನ್ನೊಂದು. ಕ್ಯಾರಿಯರ್ ಸರಳು 8, 10, 12 ಮಿ.ಮೀ. ಹೀಗೆ ಬೇರೆ ಬೇರೆ ದಪ್ಪ. ಕೊಕ್ಕೆಯೊಳಗೆ ಸಿಕ್ಕಿಸೋ ಸಣ್ಣ ಪ್ಲಾಸ್ಟಿಕ್ ತುಂಡುಗಳು ಬ್ಯಾಗಿನ ಜೊತೆ ಬರ್ತವೆ. ಜನ ಅದನ್ನ ಪ್ಯಾಕಿಂಗ್ ಕಸ ಅಂತ ಬಿಸಾಡ್ತಾರೆ! ಆಮೇಲೆ ಕೊಕ್ಕೆ ಸಡಿಲ, ಗಡಗಡ ಸದ್ದು ಅಂತ ಇಲ್ಲಿ ಬಂದು ದೂರು.

ನಿಧಾನಗತಿ
ಅದು ಕಸ ಅಲ್ವಾ?

ಹಳೆಬ್ರೇಕ್
😂 ಪಾಪ ನಿಧಾನಗತಿ. ಬಿಸಾಡಿದ್ರೂ ಚಿಂತೆ ಇಲ್ಲ ಬಿಡಿ, ಹಳೇ ಟ್ಯೂಬ್ ಕತ್ತರಿಸಿ ಸರಳಿಗೆ ಎರಡು ಸುತ್ತು ಸುತ್ತಿ. ಸದ್ದೂ ಹೋಗುತ್ತೆ, ಪೇಂಟೂ ಉಳಿಯುತ್ತೆ.

ಮೂರನೇಗೇರ್
ಒಂದು ಸೀರಿಯಸ್ ಪ್ರಶ್ನೆ. ಬೆನ್ನಿಗಿದ್ರೆ ಗುಂಡಿ ಬಂದಾಗ ನಾನು ಸೀಟಿಂದ ಎದ್ದು ನಿಲ್ತೀನಿ, ಮೊಣಕಾಲು ಹೊಡೆತ ತಿನ್ನುತ್ತೆ, ಲ್ಯಾಪ್‌ಟಾಪಿಗೆ ಏನೂ ಆಗಲ್ಲ. ಕ್ಯಾರಿಯರಿಗೆ ಹಾಕಿದ್ರೆ ಹೊಡೆತ ನೇರ ಅದಕ್ಕೇ ತಾನೇ? ಇದಕ್ಕೆ ಉತ್ತರ ಕೊಡಿ, ಆಮೇಲೆ ನಗಿ.

ಮಳೆಗಾಲದಮಗು
ಇದು ನ್ಯಾಯವಾದ ಮಾತು. ಅದಕ್ಕೇ ಲ್ಯಾಪ್‌ಟಾಪ್ ಬ್ಯಾಗಿನ ತಳ ಮುಟ್ಟಬಾರದು. ದಪ್ಪ ಕವರಿಗೆ ಹಾಕಿ, ತಳದಲ್ಲಿ ಬದಲಿ ಬಟ್ಟೆ ಮಡಚಿಟ್ಟು ಅದರ ಮೇಲೆ ನಿಲ್ಲಿಸ್ತೀನಿ. ಚಾರ್ಜರ್ ಬೇರೆ ಕಡೆ. ಒಮ್ಮೆ ಚಾರ್ಜರ್ ಪಿನ್ನು ಮುಚ್ಚಳದ ಮೇಲೆ ಕುಣಿದು ಗುಂಡಗೆ ತಗ್ಗು ಮಾಡಿತ್ತು. ಹಳೇ ತಿರುಗೋ ಹಾರ್ಡ್ ಡಿಸ್ಕ್ ಇರೋ ಲ್ಯಾಪ್‌ಟಾಪ್ ಆಗಿದ್ರೆ ಆನ್ ಇರುವಾಗ ಒಯ್ಯಲೇಬೇಡಿ. ಎಸ್‌ಎಸ್‌ಡಿ ಆದ್ರೆ ಅಷ್ಟು ಭಯ ಇಲ್ಲ.

15.6 ಇಂಚಿನದ್ದು ಸುಮಾರು 36 ಸೆಂ.ಮೀ. ಉದ್ದ ಬರುತ್ತೆ. ಅಡ್ಡಡ್ಡ ಹಿಡಿಯಲ್ಲ, ಉದ್ದುದ್ದ ನಿಲ್ಲಿಸಬೇಕು. ಕವರ್ ಸಮೇತ ಅಳೀರಿ.

ಮೂರನೇಗೇರ್
ಸರಿ. ಅರ್ಧ ಒಪ್ಪಿದೆ.

ಸಂಜೆಸವಾರ
ಎಲ್ಲಾ ಸಾಮಾನು ತಕ್ಕಡಿಗೆ ಹಾಕಿದೆ: ಲ್ಯಾಪ್‌ಟಾಪ್ ಚಾರ್ಜರ್ 2.3, ಬೀಗ 1.4, ಬಟ್ಟೆ ಶೂ 1.5, ಡಬ್ಬಿ ನೀರು 1.6. ಒಟ್ಟು 6.8 ಕೆ.ಜಿ. ಇದಕ್ಕೆ ಒಂದು ಬ್ಯಾಗ್ ಸಾಕಾ? ಸೈಕಲ್ ಒಂದು ಕಡೆ ವಾಲಲ್ವಾ?

ಸೈಡ್‌ಸ್ಟ್ಯಾಂಡ್
ಓಡುವಾಗ ಗೊತ್ತೇ ಆಗಲ್ಲ. ಮೊದಲ ಎರಡು ದಿನ ತಲೆ ಅತ್ತ ಕಡೆಗೇ ಎಳೆಯುತ್ತೆ, ಮೂರನೇ ದಿನ ಮರೆತು ಹೋಗುತ್ತೆ. ಗೊತ್ತಾಗೋದು ತಳ್ಳಿಕೊಂಡು ಹೋಗುವಾಗ, ಸ್ಟ್ಯಾಂಡ್ ಹಾಕುವಾಗ. ಸ್ಟ್ಯಾಂಡ್ ಹಾಕಿ ಕೈ ಬಿಟ್ಟ ತಕ್ಷಣ ಮುಂದಿನ ಚಕ್ರ ತಿರುಗಿ, ಸೈಕಲ್ ಮುಂದಕ್ಕೆ ಉರುಳಿ ಧಡಾರ್ ಅಂತ ಬೀಳುತ್ತೆ. ಮುಂದಿನ ಬ್ರೇಕ್ ಹಿಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಬಿಗಿದಿಟ್ಟರೆ ಚಕ್ರ ಉರುಳಲ್ಲ, ನಿಲ್ಲುತ್ತೆ.

ಚಕ್ರವ್ಯೂಹ_22
ಒಂದೇ ಬ್ಯಾಗ್ ಆದ್ರೆ ವಾಹನಗಳು ಬರೋ ಕಡೆಗೆ ಹಾಕಿ. ಸ್ವಲ್ಪ ಅಗಲ ಕಂಡ್ರೆ ಹಿಂದಿನವರು ಅಷ್ಟೇ ದೂರ ಬಿಡ್ತಾರೆ.

ಎರಡುಚಕ್ರದವಳು
ನಾನು ಉಲ್ಟಾ. ಅಂಚಿನ ಕಡೆಗೇ ಹಾಕೋದು. ವಾಹನದವರು ಬ್ಯಾಗಿಗೆ ತಾಗಿಸಿಕೊಂಡು ಹೋದ್ರೆ ಬೀಳೋದು ನಾನಲ್ವಾ.

ಚಕ್ರವ್ಯೂಹ_22
ಬ್ಯಾಗಿಗೆ ತಾಗೋಷ್ಟು ಹತ್ತಿರ ಬಂದವರು ಬ್ಯಾಗ್ ಇಲ್ಲದಿದ್ರೆ ನಿಮ್ಮ ಮೊಣಕೈಗೇ ತಾಗಿಸ್ತಿದ್ರು.

ಎರಡುಚಕ್ರದವಳು
ಇದು ಮುಗಿಯೋ ಜಗಳ ಅಲ್ಲ ಬಿಡಿ.

ಹಳೆಬ್ರೇಕ್
ಹಿಂದಿನ ದೀಪದ ಕಥೆ ಮರೀಬೇಡಿ. ಸೀಟ್ ಪೋಸ್ಟಿಗೆ ಹಾಕಿದ ದೀಪ, ಕ್ಯಾರಿಯರ್ ಮೇಲೆ ಏನಾದ್ರೂ ಕಟ್ಟಿದ ತಕ್ಷಣ ಮುಚ್ಚಿ ಹೋಗುತ್ತೆ. ನಾನು ಒಂದು ತಿಂಗಳು ಉರಿಯೋ ದೀಪವನ್ನ ಜಾಕೆಟ್ಟಿಗೆ ತೋರಿಸ್ತಾ ಓಡಾಡಿದ್ದೀನಿ. ಕ್ಯಾರಿಯರ್ ಹಿಂಬದಿ ದೀಪಕ್ಕೆ ಅಂತ ಎರಡು ತೂತು ಇರೋ ತಗಡು ಇದೆಯಾ ನೋಡಿ. 50 ಇಲ್ಲಾ 80 ಮಿ.ಮೀ. ಅಂತರ ಇರುತ್ತೆ, ದೀಪವನ್ನೂ ಅದೇ ಅಳತೆಗೆ ತಗೊಳ್ಳಿ.

ಇನ್ನು ಚಕ್ರದ ಕಡ್ಡಿಗಳು. 6-7 ಕೆ.ಜಿ.ಗೆ ಏನೂ ಆಗಲ್ಲ, ಆದ್ರೆ ಹಿಂದಿನ ಟೈರಿಗೆ ಗಾಳಿ ಒಂಚೂರು ಜಾಸ್ತಿ ಇರಲಿ.

ಸಂಜೆಸವಾರ
ಬೋಲ್ಟಿಗೆ ಗ್ರೀಸ್ ಹಚ್ಚಬೇಕಾ, ಥ್ರೆಡ್‌ಲಾಕರ್ ಅಂತಾರಲ್ಲ ಆ ನೀಲಿ ಅಂಟಾ?

ಹಳೆಬ್ರೇಕ್
ಗ್ರೀಸ್.

ನಟ್ಟುಬೋಲ್ಟು
ನೀಲಿ ಅಂಟು.

ಹಳೆಬ್ರೇಕ್
ಗ್ರೀಸ್ ಇಲ್ಲದೆ ಸ್ಟೀಲ್ ಬೋಲ್ಟನ್ನ ಅಲ್ಯೂಮಿನಿಯಂ ಫ್ರೇಮಿಗೆ ಹಾಕಿ ನಾಲ್ಕು ಮಳೆಗಾಲ ಬಿಟ್ಟು ನೋಡಿ. ಎರಡೂ ಒಂದೇ ಲೋಹ ಅನ್ನೋ ಹಾಗೆ ಕಚ್ಚಿಕೊಂಡಿರುತ್ತೆ.

ನಟ್ಟುಬೋಲ್ಟು
ಗ್ರೀಸ್ ಹಚ್ಚಿದ್ದು ಅದುರಿ ಅದುರಿ ಸಡಿಲ ಆಗುತ್ತೆ. ನೀಲಿ ಅಂಟು ಬೋಲ್ಟಿನ ತಿರುಪಿನ ಸಂದಿಯೊಳಗೆ ತುಂಬ್ಕೊಂಡು ನೀರನ್ನೂ ತಡೆಯುತ್ತೆ, ಬೇಕಾದಾಗ ಸಾಮಾನ್ಯ ಕೀಲೇ ಬಿಚ್ಚಬಹುದು. ಕೆಂಪು ಮಾತ್ರ ಬೇಡ, ಅದು ಬಿಸಿ ಮಾಡದೆ ಬಿಡಲ್ಲ. ಇನ್ನೂ ಧೈರ್ಯ ಸಾಲದಿದ್ರೆ ಎಡಗಡೆ ಬೋಲ್ಟಿನ ತುದಿಗೆ, ಒಳಗಿಂದ ಡಿಸ್ಕಿಗೆ ತಾಗದಷ್ಟು ಜಾಗ ಇದ್ರೆ, ನೈಲಾನ್ ನಟ್ಟು ಹಾಕಿ.

ಹಳೆಬ್ರೇಕ್
ಸರಿ ಮಾರಾಯ, ಯಾವುದನ್ನಾದ್ರೂ ಹಚ್ಚಲಿ, ಒಣಗಿದ್ದು ಮಾತ್ರ ಹಾಕೋದು ಬೇಡ. ಹಾಕಿ ವಾರಕ್ಕೆ ಒಮ್ಮೆ ತಿರುಗಿಸಿ ನೋಡ್ಲಿ.

ಸಂಜೆಸವಾರ
(ಮೂರು ವಾರದ ಮೇಲೆ)
ಕೆಲಸ ಆಯ್ತು. ಡಿಸ್ಕಿಗೆ ಹೊಂದೋ ಅಲ್ಯೂಮಿನಿಯಂ ಕ್ಯಾರಿಯರ್, 10 ಮಿ.ಮೀ. ಸರಳು, ಕಾಲ ಮೇಲೆ 25 ಕೆ.ಜಿ. ಅಂತ ಅಚ್ಚು ಇದೆ. ಬ್ಯಾಗ್ ಒಂದೇ, ಬಾಯಿ ಸುತ್ತೋದು, 20 ಲೀಟರ್. ಹಿಡಿ ಎತ್ತಿದ್ರೆ ಕೊಕ್ಕೆ ತಾನೇ ಬಿಟ್ಕೊಳ್ಳುತ್ತೆ. ರಟ್ಟಿನ ಪರೀಕ್ಷೆಯಲ್ಲಿ ಹಿಮ್ಮಡಿ ಎರಡು ಬೆರಳಷ್ಟು ತಾಗ್ತಿತ್ತು, ಕೊಕ್ಕೆಗಳನ್ನ ಜಾರಿಸಿ ಬ್ಯಾಗ್ ಮೂರು ಬೆರಳು ಹಿಂದಕ್ಕೆ ಕೂರಿಸಿದೆ.

ಒಂದು ಎಡವಟ್ಟು ಒಪ್ಪಿಕೊಳ್ತೀನಿ. ಸೀಟಿನ ಪಟ್ಟಿ ತರುವಾಗ ಸೀಟ್ ಪೋಸ್ಟ್ ಮೇಲೆ 27.2 ಅಂತ ಇದ್ದದ್ದು ನೋಡಿ ಅದೇ ಅಳತೆ ಕೇಳಿದೆ. ಆಮೇಲೆ ಗೊತ್ತಾಯ್ತು, ಪಟ್ಟಿ ಕೂರೋದು ಫ್ರೇಮಿನ ಪೈಪಿನ ಹೊರಮೈಗೆ, ಪೋಸ್ಟಿಗಲ್ಲ. ನಂದು 31.8. ಎರಡು ಸಲ ಓಡಾಟ.

ಅಂಗಿ ಮೇಲೆ ಅಚ್ಚು ಇಲ್ಲ ಈಗ. ಆದ್ರೆ ನಿನ್ನೆಯಿಂದ ಹಿಂದೆ "ಟಿಕ್ ಟಿಕ್" ಅಂತ ಸದ್ದು. ಬೋಲ್ಟುಗಳೆಲ್ಲ ಬಿಗಿಯಾಗೇ ಇವೆ. ಏನಿರಬಹುದು?

ನಟ್ಟುಬೋಲ್ಟು
ಪೆಡಲ್ ಜೊತೆ ಬರುತ್ತಾ, ಚಕ್ರದ ಜೊತೆ ಬರುತ್ತಾ, ಗುಂಡಿಗೆ ಮಾತ್ರನಾ? ಬ್ಯಾಗಿನ ಕೆಳಗಿನ ತಡೆಕೊಕ್ಕೆ ಕ್ಯಾರಿಯರ್ ಕಾಲಿನ ಹಿಂದೆ ಸಿಕ್ಕಿದೆಯಾ? ಬ್ಯಾಗಿನ ಪಟ್ಟಿ ತುದಿ ಚಕ್ರದ ಕಡ್ಡಿಗೆ ತಾಗ್ತಿದೆಯಾ? ಅದಾಗಿದ್ರೆ ಇವತ್ತೇ ಕತ್ತರಿಸಿ, ಚಕ್ರಕ್ಕೆ ಸುತ್ತಿಕೊಂಡ್ರೆ ಕಷ್ಟ.

ನಿಧಾನಗತಿ
ಕೊಕ್ಕೆಯ ಪ್ಲಾಸ್ಟಿಕ್ ತುಂಡು ಬಿಸಾಡಿದ್ರಾ? (ಅನುಭವದ ಮಾತು)

ಸಂಜೆಸವಾರ
ತುಂಡು ಹಾಕಿದ್ದೀನಿ, ಪಟ್ಟಿನೂ ಮಡಚಿದ್ದೀನಿ. ಗುಂಡಿಗೆ ಮಾತ್ರ ಬರುತ್ತೆ. ಖಾಲಿ ಬ್ಯಾಗ್ ಹಾಕಿ ಓಡಿಸಿ ನೋಡಿ ಹೇಳ್ತೀನಿ.

ಸಂಜೆಸವಾರ
ಸಿಕ್ತು. ಡಬ್ಬಿಯೊಳಗಿನ ಚಮಚ.

ಮೂರನೇಗೇರ್
ಬೆನ್ನಿಗಿದ್ರೆ ಕಿವಿ ಹತ್ತಿರವೇ ಇರ್ತಿತ್ತು, ಒಂದೇ ದಿನಕ್ಕೆ ಗೊತ್ತಾಗ್ತಿತ್ತು. ಇರಲಿ, ಆ ಡಿಸ್ಕ್ ಕ್ಯಾರಿಯರ್ ಅಂದ್ರಲ್ಲ, ನನ್ನ ಸೈಕಲ್ಲಲ್ಲಿ ಕ್ಯಾಲಿಪರ್ ಸಂದಿಯಲ್ಲಿದೆ. ನಂಗೆ ಮಾಮೂಲಿದೇ ಆಗುತ್ತಾ? ಸುಮ್ಮನೆ ಕೇಳ್ತಿದ್ದೀನಿ, ಅಷ್ಟೇ.